ಅಪ್ಪ ಆರನೇ ಕ್ಲಾಸು ಪಾಸಾದದ್ದು

ನಮ್ಮ ವಿಭಾಗದಲ್ಲಿ ಡಿಸ್ಲೆಕ್ಸಿಯಾ ಇಲ್ಲ. ಇದು ಯಾರೋ ಟೀ ಅಂಗಡಿಯಲ್ಲಿ ಕೂತು ತೇಲಿಬಿಟ್ಟ ಮಾತಲ್ಲ. ಓದುತೊಡಕು ಪತ್ತೆ ಕೇಂದ್ರವು ವರ್ಷವಿಡೀ ಕೂಲಂಕಷವಾಗಿ ಹುಡುಕಿ, ಒಂದೇ ಒಂದು ಪ್ರಕರಣವೂ ಸಿಗದೆ, ಪ್ರತಿ ವರ್ಷವೂ ಸಹಿ ಮೊಹರು ಹಾಕಿ ಹೊರಡಿಸುತ್ತ ಬಂದಿರುವ ಸತ್ಯ. ಈ ಸಾಧನೆಗಾಗಿ ಕೇಂದ್ರಕ್ಕೆ ಒಂದು ಹಿತ್ತಾಳೆಯ ಫಲಕವನ್ನೂ ಕೊಟ್ಟಿದ್ದಾರೆ. ಅದು ನಿರ್ದೇಶಕರ ಕೋಣೆಯ ಗಾಜಿನ ಕಪಾಟಿನಲ್ಲಿದೆ. ಅದರ ಮೇಲೆ ಧೂಳು ಕೂರದಂತೆ ನೋಡಿಕೊಳ್ಳಲು ಒಬ್ಬರು ನೌಕರರಿದ್ದಾರೆ. ಗಮನ ಚೆದುರಬಾರದೆಂದು ಅವರಿಗೆ ಬೇರೆ ಕೆಲಸ ಕೊಟ್ಟಿಲ್ಲ.

ಕೇಂದ್ರದ ಕಾರ್ಯವಿಧಾನ ಬಹಳ ಸರಳ. ಮಗುವಿಗೆ ಓದಲು ಕಷ್ಟವೆಂಬ ಅನುಮಾನ ಬಂದವರು ಕೇಂದ್ರ ಗೊತ್ತುಪಡಿಸಿದ ದಿನ ಬೆಳಗ್ಗೆ ಮಗುವನ್ನು ಕರೆತರಬೇಕು. ಪರೀಕ್ಷೆ ಯಾವ ಮಹಡಿಯಲ್ಲಿ, ಯಾವ ಕೋಣೆಯಲ್ಲಿ, ಯಾವ ಮೆಟ್ಟಿಲು ಹತ್ತಬೇಕು, ಯಾವುದನ್ನು ಹತ್ತಬಾರದು ಎಂಬುದನ್ನೆಲ್ಲ ಕೆಳಗಿನ ಹಜಾರದ ಸೂಚನಾ ಹಲಗೆಯ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಅಂಟಿಸಿರುತ್ತಾರೆ. ಅದನ್ನು ಓದಿಕೊಂಡು ಮಗು ಸಮಯಕ್ಕೆ ಸರಿಯಾಗಿ ಕೋಣೆ ತಲುಪಿತೋ, ಅದಕ್ಕೆ ಓದಲು ಬರುತ್ತದೆ ಎಂದಾಯಿತು. ತಲುಪಲಿಲ್ಲವೋ, ಗೈರುಹಾಜರು. ಎದುರಿಗೇ ಇಲ್ಲದ ಮಗುವಿಗೆ ಏನು ತೊಡಕಿದೆಯೆಂದು ಕೇಂದ್ರ ತಾನೇ ಹೇಗೆ ಹೇಳೀತು? ಬಾಯಿಮಾತಿನಲ್ಲಿ ದಾರಿ ತೋರಿಸುವುದು ಪರೀಕ್ಷೆಯ ಪಾವಿತ್ರ್ಯಕ್ಕೆ ಧಕ್ಕೆ ತರುವುದರಿಂದ ಅದನ್ನು ನಿಷೇಧಿಸಲಾಗಿದೆ. ಆ ನಿಷೇಧವನ್ನೂ ಅದೇ ಹಲಗೆಯ ಮೇಲೆಯೇ ಅಂಟಿಸಿದ್ದಾರೆ.

ಇಂಥ ಅಚ್ಚುಕಟ್ಟಾದ ವ್ಯವಸ್ಥೆಗೆ ಕಲ್ಲು ಬಿದ್ದದ್ದು ಒಬ್ಬ ಸೋಫಾ ರಿಪೇರಿಯವನಿಂದ.

ಊರೆಲ್ಲ ಅವನನ್ನು ಕುರ್ಚಿ ಡಾಕ್ಟರ್ ಎಂದೇ ಕರೆಯುತ್ತಿತ್ತು. ಅಂಗಡಿಯ ತುಂಬ ಕರುಳು ಹೊರಗೆ ಬಂದ ಸೋಫಾಗಳು, ಗೂನುಬೆನ್ನಿನ ಕುರ್ಚಿಗಳು, ಗೋಡೆಗೆ ನೇತುಹಾಕಿದ ಸ್ಪ್ರಿಂಗುಗಳು, ಮೂಲೆಯಲ್ಲಿ ತೆಂಗಿನ ನಾರಿನ ಗುಡ್ಡೆ. ಬಾಯಲ್ಲಿ ಸದಾ ನಾಲ್ಕಾರು ಸಣ್ಣ ಮೊಳೆ ಇಟ್ಟುಕೊಂಡೇ ಮಾತಾಡುತ್ತಿದ್ದ. ಊರಿನ ಕಚೇರಿಗಳ ಕುರ್ಚಿಗಳೆಲ್ಲ ಅವನಲ್ಲಿಗೇ ಬರುತ್ತಿದ್ದುದರಿಂದ, ಸಾಹೇಬರುಗಳನ್ನು ಅವನು ಬೇರೆಯವರಂತೆ ಮುಖದಿಂದಲ್ಲ, ಕೆಳಗಿನಿಂದ ಬಲ್ಲ. ಯಾರು ಎಡಕ್ಕೆ ವಾಲಿ ನಿದ್ದೆ ಹೊಡೆಯುತ್ತಾರೆ, ಯಾರು ಮೇಲಿನವರ ಹೆದರಿಕೆಗೆ ಅಂಚಿನಲ್ಲೇ ಕೂರುತ್ತಾರೆ, ಎಲ್ಲ ಗೊತ್ತು. ಅಳತೆಯನ್ನು ಬರೆದುಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ. ದಾರಕ್ಕೆ ಗಂಟು ಹಾಕಿಕೊಳ್ಳುತ್ತಿದ್ದ. ಗಿರಾಕಿ ಏನಾದರೂ ಚೀಟಿ ಕೊಟ್ಟರೆ, "ಕನ್ನಡಕ ಮನೇಲಿ ಉಳೀತು, ನೀವೇ ಓದಿ ಹೇಳಿಬಿಡಿ" ಅನ್ನುತ್ತಿದ್ದ. ಓದಿ ಹೇಳಿದ್ದು ಒಂದೇ ಸಲಕ್ಕೆ ತಲೆಯಲ್ಲಿ ಕೂರುತ್ತಿತ್ತು, ಮತ್ತೆ ಏಳುತ್ತಿರಲಿಲ್ಲ.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಆರನೇ ಕ್ಲಾಸಿನಲ್ಲಿ ಈಗಾಗಲೇ ಒಂದು ಸಲ ಕೂತು, ಮತ್ತೆ ಅಲ್ಲೇ ಕೂತಿದ್ದಳು. ಚಿಕ್ಕವಳು ಐದನೆಯದನ್ನು ಮುಗಿಸುತ್ತ, ಹಿಂದಿನಿಂದ ಹಾರ್ನ್ ಹೊಡೆಯುವ ಲಾರಿಯ ಹಾಗೆ ಬರುತ್ತಿದ್ದಳು. ಈ ಸಲವೂ ದೊಡ್ಡವಳು ಫೇಲಾದರೆ ಅಕ್ಕ ತಂಗಿ ಒಂದೇ ಕ್ಲಾಸು, ಪ್ರಾಯಶಃ ಒಂದೇ ಬೆಂಚು. ಚಿಕ್ಕವಳು ಆಗಲೇ ಊಟದ ಹೊತ್ತಿನಲ್ಲಿ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಕಿಟಕಿ ಪಕ್ಕದ ಜಾಗ ತನಗೇ ಬೇಕೆಂದು ಹೇಳಿಬಿಟ್ಟಿದ್ದಳು. ಅವತ್ತಿನಿಂದ ದೊಡ್ಡವಳು ತಂಗಿಯ ಹತ್ತಿರ ಮಾತು ಬಿಟ್ಟಳು. ಸ್ವಲ್ಪ ದಿನದಲ್ಲಿ ಉಳಿದವರ ಹತ್ತಿರವೂ ಬಿಟ್ಟಳು.

ಶಾಲೆಯವರು ಸುಮ್ಮನೆ ಕೈಕಟ್ಟಿ ಕೂತಿರಲಿಲ್ಲ. ಅಲ್ಲಿ ಸೋಮಾರಿತನ ನಿರ್ಮೂಲನ ಸಮಿತಿ ಎಂಬುದೊಂದಿತ್ತು. ಕ್ಲಾಸ್ ಟೀಚರೇ ಅದರ ಅಧ್ಯಕ್ಷೆ. ಓದಲು ಬರದ ಮಕ್ಕಳಿಗೆ ಅದೇ ಪಾಠವನ್ನು ಹತ್ತು ಸಲ ಬರೆಸುವುದು ಅದರ ಚಿಕಿತ್ಸೆ. ಹತ್ತು ಸಲ ಬರೆದಾಗ ಹತ್ತು ಬಗೆಯ ತಪ್ಪು ಬಂದರೆ, ಅದು ಸೋಮಾರಿತನ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಪುರಾವೆ. ಮನೆಯಲ್ಲಿ ಅಜ್ಜಿಯದೂ, ಅಂದರೆ ಡಾಕ್ಟರ ತಾಯಿಯದೂ, ಇದೇ ಅಭಿಪ್ರಾಯ. "ಇವಳಪ್ಪಾನೂ ಹೀಗೇ ಇದ್ದ. ಎಷ್ಟು ಬಡಿದರೂ ಪುಸ್ತಕ ಮುಟ್ಟಲಿಲ್ಲ. ರಕ್ತದಲ್ಲಿರೋ ಮೈಗಳ್ಳತನ" ಎಂದು ಅವರು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ಮೊದಲು ಅನುಮಾನ ಬಂದದ್ದು ತಾಯಿಗೆ. ಆಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಸಂಜೆ ಮನೆಯಲ್ಲಿ ಇಸ್ತ್ರಿ ಹಾಕುತ್ತಿದ್ದಾಗ ಮಗಳು ಜೇನುಹುಳುಗಳ ಪಾಠವನ್ನು ನೀರು ಹರಿದ ಹಾಗೆ ಓದುವುದು ಕೇಳಿಸಿತು. ಸಂತೋಷದಿಂದ ಬಗ್ಗಿ ನೋಡಿದರೆ, ತೆರೆದಿದ್ದ ಪುಟದಲ್ಲಿ ಹಡಗಿನ ಚಿತ್ರ. ಇಸ್ತ್ರಿಪೆಟ್ಟಿಗೆಯ ಕೆಳಗಿದ್ದ ದಿಂಬಿನ ಚೀಲ ಸುಟ್ಟ ವಾಸನೆ ಬಂದ ಮೇಲೆಯೇ ಆಕೆಗೆ ಎಚ್ಚರವಾದದ್ದು.

ಶಾಲೆಗೆ ಹೋಗಿ ವಿಚಾರಿಸಿದಾಗ, ಹೊಸದಾಗಿ ಬಂದಿದ್ದ ಡ್ರಾಯಿಂಗ್ ಟೀಚರ್ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳಿದರು. ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾಳಾ, ಸಾಲು ಬಿಟ್ಟು ಸಾಲಿಗೆ ಹಾರುತ್ತಾಳಾ, ಬೋರ್ಡಿನ ಮೇಲಿರುವುದನ್ನು ಬರೆದುಕೊಳ್ಳಲು ಒದ್ದಾಡುತ್ತಾಳಾ, ಎಡ ಬಲ ಅಂದರೆ ಒಂದು ಗಳಿಗೆ ಕೈ ನೋಡಿಕೊಳ್ಳುತ್ತಾಳಾ, ಗಟ್ಟಿಯಾಗಿ ಓದಿಸುವ ದಿನ ಹೊಟ್ಟೆನೋವು ಬರುತ್ತದಾ. ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಪ್ರತಿಯೊಂದಕ್ಕೂ ಡಾಕ್ಟರೇ "ಹೌದು" ಎನ್ನುತ್ತಿದ್ದ. ಹೊಟ್ಟೆನೋವು ಹೊಕ್ಕುಳಿನ ಮೇಲ್ಗಡೆ, ಸ್ವಲ್ಪ ಬಲಕ್ಕೆ ಬರುತ್ತದೆ ಎಂದೂ ತಿಳಿಸಿದ. ಅಪ್ಪಂದಿರು ಮಕ್ಕಳನ್ನು ಇಷ್ಟು ಗಮನಿಸುವುದು ಅಪರೂಪ ಎಂದು ಟೀಚರ್ ಮೆಚ್ಚಿಕೊಂಡರು. ಮಗಳ ಹೋಂವರ್ಕಿನ ಹತ್ತಿರ ಅವನು ಒಂದು ದಿನವೂ ಸುಳಿಯದಿದ್ದುದನ್ನು ಕಂಡಿದ್ದ ಹೆಂಡತಿ ಮಾತ್ರ ಗಂಡನನ್ನೇ ನೋಡುತ್ತಿದ್ದಳು. ಡಾಕ್ಟರ್ ತಾನು ಕೂತಿದ್ದ ಕುರ್ಚಿಯ ಕಾಲು ಅಲುಗಾಡುತ್ತಿದೆಯೆಂದು ಹೇಳಿ ಬಗ್ಗಿ ಅದನ್ನು ಪರೀಕ್ಷಿಸತೊಡಗಿದ. ಕಾಲು ಗಟ್ಟಿಯಾಗಿಯೇ ಇತ್ತು.

ಇದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ, ಮಗು ದಡ್ಡಿಯಲ್ಲ, ಸರಿಯಾಗಿ ಪರೀಕ್ಷೆ ಮಾಡಿಸಿ ಪತ್ರ ತಂದರೆ ವಾರ್ಷಿಕ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಪ್ರಶ್ನೆ ಓದಿ ಹೇಳಲು ಒಬ್ಬರನ್ನು ಕೊಡುತ್ತಾರೆ ಎಂದು ಟೀಚರ್ ವಿವರಿಸಿದರು. ಪತ್ರ ಕೊಡುವ ಅಧಿಕಾರ ಓದುತೊಡಕು ಪತ್ತೆ ಕೇಂದ್ರಕ್ಕೆ ಮಾತ್ರ.

ಗೊತ್ತುಪಡಿಸಿದ ದಿನ ಅಪ್ಪ ಮಗಳು ಕೇಂದ್ರದ ಹಜಾರದಲ್ಲಿ ಸೂಚನಾ ಹಲಗೆಯ ಮುಂದೆ ನಿಂತರು. ಅಪ್ಪ ಮಗಳತ್ತ ನೋಡಿದ. ಮಗಳು ಅಪ್ಪನತ್ತ ನೋಡಿದಳು. ಹಿಂದೆ ಮೇಜಿನ ಮುಂದೆ ಕೂತಿದ್ದ ಗುಮಾಸ್ತೆಯನ್ನು ಕೇಳಿದರೆ, ಆಕೆ ತುಟಿಯ ಮೇಲೆ ಬೆರಳಿಟ್ಟು ಹಲಗೆಯತ್ತ ಕೈ ತೋರಿಸಿದಳು.

"ಕನ್ನಡಕ ಮನೇಲಿ ಉಳೀತು ಕಣಮ್ಮ" ಎಂದ ಡಾಕ್ಟರ್.

ವಾರಗಟ್ಟಲೆ ಮಾತು ಬಿಟ್ಟಿದ್ದ ಮಗಳು ಬಾಯಿ ತೆರೆದಳು. "ಅಪ್ಪ, ನಿಮಗೆ ಕನ್ನಡಕಾನೇ ಇಲ್ಲವಲ್ಲ."

ಡಾಕ್ಟರ್ ಶರ್ಟಿನ ಜೇಬು ಮುಟ್ಟಿ ನೋಡಿಕೊಂಡ. ಪ್ಯಾಂಟಿನ ಜೇಬನ್ನೂ ನೋಡಿಕೊಂಡ. ಆಮೇಲೆ ಬೆಂಚಿನ ಮೇಲೆ ಕೂತು, "ನಿಮ್ಮಮ್ಮನಿಗೆ ಹೇಳಬೇಡ" ಎಂದ. ಮಗಳು ತಲೆಯಾಡಿಸಿ ಪಕ್ಕದಲ್ಲಿ ಕೂತಳು. ಮಧ್ಯಾಹ್ನದವರೆಗೂ ಇಬ್ಬರೂ ಹಾಗೇ ಕೂತಿದ್ದರು. ಬಹಳ ದಿನಗಳ ನಂತರ ಮಗಳ ಮುಖದಲ್ಲಿ ಒಂದು ಬಗೆಯ ಕಳೆ ಕಂಡಿತು. ಮಧ್ಯಾಹ್ನ ಗುಮಾಸ್ತೆ ಬಂದು ಅವರ ಎದುರಿಗೇ ಗೈರುಹಾಜರು ಹಾಕಿಕೊಂಡು ಹೋದಳು.

ಎರಡನೇ ಸಲ ತಾಯಿ ರಜಾ ಹಾಕಿ ಜೊತೆಗೆ ಬಂದಳು. ಹಲಗೆಯನ್ನು ಪಟಪಟನೆ ಓದಿ, ಮಗಳ ಕೈ ಹಿಡಿದು, ಸರಿಯಾದ ಮೆಟ್ಟಿಲು ಹತ್ತಿ, ಸರಿಯಾದ ಬಾಗಿಲು ತಳ್ಳಿದಳು. ಒಳಗೆ ನಿರ್ದೇಶಕರು ಎದ್ದು ನಿಂತು ಅಭಿನಂದಿಸಿದರು. ಮಗು ಕೋಣೆ ತಲುಪಿರುವುದರಿಂದ ಅದಕ್ಕೆ ತೊಡಕಿಲ್ಲ. ದಾರಿ ಓದಿದ್ದು ತಾನು, ಮಗಳಲ್ಲ ಎಂದು ತಾಯಿ ಹೇಳಿದಳು. ನಿರ್ದೇಶಕರು ಮೃದುವಾಗಿ ನಕ್ಕು, ಕೇಂದ್ರದ ದೃಷ್ಟಿಯಲ್ಲಿ ಕುಟುಂಬ ಒಂದು ಘಟಕ; ಘಟಕದಲ್ಲಿ ಒಬ್ಬರಿಗೆ ಓದಲು ಬಂದರೆ ಎಲ್ಲರಿಗೂ ಬಂದ ಹಾಗೆ ಎಂದರು. ಹಿಂದಿನ ಸಲ ಘಟಕಕ್ಕೆ ಓದಲು ಬರಲಿಲ್ಲವಲ್ಲ ಎಂದಾಗ, ಆಗ ಘಟಕವೇ ಗೈರುಹಾಜರಾಗಿತ್ತಲ್ಲ ಎಂದು ತೋರಿಸಿಕೊಟ್ಟರು. ಮಗಳಿಗೆ ತೊಡಕಿಲ್ಲವೆಂಬ ಪತ್ರವನ್ನು ಅಲ್ಲೇ ಆಗಲೇ ಕೈಗಿತ್ತರು. ಮಗಳು ಅದನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿ, ಏನು ಬರೆದಿದೆ ಎಂದು ಅಮ್ಮನನ್ನು ಕೇಳಿದಳು.

ಇನ್ನು ಮುಂದೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ವಾರ್ಷಿಕ ಪರೀಕ್ಷೆ ಹತ್ತಿರವಾಗುತ್ತಿತ್ತು. ಮಗಳು ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಇಂಥ ಹೊತ್ತಿನಲ್ಲಿ, ಸರ್ಕಾರಿ ಖರೀದಿಯ ಸ್ಪ್ರಿಂಗುಗಳ ಕೃಪೆಯಿಂದ, ನಿರ್ದೇಶಕರ ಕುರ್ಚಿ ಕುಸಿಯಿತು.

ಡಾಕ್ಟರನ್ನು ಕರೆಸಿದರು. ಅವನು ಚೀಲ ಬಿಚ್ಚಿ, ಬಾಯಿಗೆ ಮೊಳೆ ಹಾಕಿಕೊಂಡು, ಕುರ್ಚಿಯನ್ನು ಬೋರಲು ಮಲಗಿಸಿ ಹೊಟ್ಟೆ ಸೀಳಿದ. ನಿರ್ದೇಶಕರ ದರ್ಜೆಗೆ ಒಪ್ಪುವ ಬೇರೆ ಕುರ್ಚಿ ಕಟ್ಟಡದಲ್ಲಿ ಇಲ್ಲದ್ದರಿಂದ ಅವರು ನಿಂತೇ ಇದ್ದರು. ನಿಂತು ಅಭ್ಯಾಸವಿಲ್ಲದವರು ನಿಂತರೆ ಮನಸ್ಸಿನಲ್ಲಿರುವುದು ಹೊರಗೆ ಬರುತ್ತದೆ. ಮೇಲಿನಿಂದ ತಪಾಸಣೆಗೆ ಬರುತ್ತಿದ್ದಾರಂತೆ. ಇಷ್ಟು ವರ್ಷ ಒಂದೂ ಪ್ರಕರಣ ಸಿಗದ ಮೇಲೆ ಕೇಂದ್ರ ಯಾಕಿರಬೇಕು, ಮುಚ್ಚಿಬಿಡೋಣ ಎಂದು ಯಾರೋ ಬುದ್ಧಿವಂತರು ಕಿವಿ ಊದಿದ್ದಾರಂತೆ. ಹಾಗೆಂದು ಪ್ರಕರಣ ಪತ್ತೆ ಮಾಡಿದರೆ, ವಿಭಾಗ ಡಿಸ್ಲೆಕ್ಸಿಯಾಮುಕ್ತವಲ್ಲವೆಂದಾಗಿ ಫಲಕವನ್ನು ವಾಪಸು ಕೊಡಬೇಕು. ಫಲಕ ಒರೆಸುವವರ ಗತಿಯೇನು?

"ಒಂದೇ ಒಂದು ಕೇಸು ಸಾಕಪ್ಪ" ಎಂದರು ನಿರ್ದೇಶಕರು ಕಿಟಕಿಯತ್ತ ಮುಖ ಮಾಡಿ. "ಆದರೆ ಮಗು ಆಗಿರಬಾರದು. ಫಲಕ ಕೊಟ್ಟಿರೋದು ಮಕ್ಕಳ ಲೆಕ್ಕಕ್ಕೆ."

ಡಾಕ್ಟರ ಸುತ್ತಿಗೆ ನಿಂತಿತು. ಅಲ್ಲಿಯವರೆಗೆ ಅವನು ಈ ವಿಷಯವನ್ನು ಹೆಂಡತಿಗೆ ಹೇಳಿರಲಿಲ್ಲ, ತಾಯಿಗೆ ಹೇಳಿರಲಿಲ್ಲ, ತನಗೆ ತಾನೇ ಸರಿಯಾಗಿ ಹೇಳಿಕೊಂಡಿರಲಿಲ್ಲ. ಊರೆಲ್ಲ ಹೇಗೋ ಮರ್ಯಾದೆಯಿಂದ ಡಾಕ್ಟರ್ ಎಂದು ಕರೆಯುತ್ತಿತ್ತು. ಅವನು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ನನಗಿದೆ ಸಾರ್."

"ಏನಿದೆ?"

"ಅದೇ. ನೀವು ಹುಡುಕ್ತಿರೋದು."

ನಿರ್ದೇಶಕರು ತಿರುಗಿ, ಕಳೆದುಹೋದ ನೆಂಟನನ್ನು ನೋಡುವಂತೆ ಅವನನ್ನು ನೋಡಿದರು. "ಖಂಡಿತಾನಾ? ಆಮೇಲೆ ಓದೋಕೆ ಬರುತ್ತೆ ಅಂದು ಕೈಕೊಡಬಾರದು."

ಕೈಕೊಡುವುದಿಲ್ಲ, ಆದರೆ ಒಂದು ಮಾತು, ಎಂದ ಡಾಕ್ಟರ್. ತನಗೆ ಸಿಗುವ ಹೆಚ್ಚಿನ ಸಮಯ, ಓದಿ ಹೇಳುವವರು, ಎಲ್ಲವನ್ನೂ ದೊಡ್ಡ ಮಗಳು ಬಳಸಿಕೊಳ್ಳಬೇಕು. ಕುಟುಂಬ ಒಂದು ಘಟಕವೆಂದು ಸಾಹೇಬರೇ ಅಪ್ಪಣೆ ಕೊಡಿಸಿದ್ದಾರಲ್ಲ. ನಿರ್ದೇಶಕರು ಯೋಚಿಸಿದರು. ತಮ್ಮದೇ ಮಾತು; ಅದರಲ್ಲಿ ತಪ್ಪು ಹುಡುಕುವುದು ಶಿಸ್ತಿಗೆ ವಿರುದ್ಧ. ಆಗಲಿ ಎಂದರು.

ಪರೀಕ್ಷೆ ಮಾಡಬೇಕಾದ ಮನಶ್ಶಾಸ್ತ್ರಜ್ಞೆ ಮೇಲ್ಮಹಡಿಯ ಕೊನೆಯ ಕೋಣೆಯಲ್ಲಿದ್ದರು. ಕೇಂದ್ರ ಆರಂಭವಾದಾಗ ನೇಮಕವಾದವರು. ಅವರ ಕೋಣೆಯವರೆಗೆ ಯಾರೂ ಬಂದೇ ಇರಲಿಲ್ಲ. ದಿನಾ ಬೆಳಗ್ಗೆ ಪರೀಕ್ಷೆಯ ಕಾರ್ಡುಗಳನ್ನು ಮೇಜಿನ ಮೇಲೆ ಜೋಡಿಸಿ, ಸಂಜೆ ಎತ್ತಿಟ್ಟು ಮನೆಗೆ ಹೋಗುತ್ತಿದ್ದರು. ಬಾಗಿಲಲ್ಲಿ ಡಾಕ್ಟರನ್ನು ಕಂಡು, ಕುರ್ಚಿ ಒಯ್ಯಲು ಬಂದಿರಬೇಕೆಂದು ಎದ್ದು ನಿಂತರು. ವಿಷಯ ತಿಳಿದ ಮೇಲೆ ಮತ್ತೆ ಕೂತರು. ಆಗಲೇ ಜೋಡಿಸಿದ್ದ ಕಾರ್ಡುಗಳನ್ನು ಮತ್ತೊಮ್ಮೆ ಜೋಡಿಸಿದರು.

ಅವರು ಆತುರಪಡಲಿಲ್ಲ. ಮೊದಲು ಕಣ್ಣು ಕಿವಿ ಸರಿಯಿವೆಯೆಂದು ಖಾತ್ರಿ ಮಾಡಿಕೊಂಡರು. ಶಾಲೆಯಲ್ಲಿ ಏನೇನಾಯಿತೆಂದು ಕೇಳಿದರು. ಶಬ್ದಗಳನ್ನು ತುಂಡು ಮಾಡಿಸಿದರು, ಅರ್ಥವಿಲ್ಲದ ಪದಗಳನ್ನು ಓದಿಸಿದರು, ಚಿತ್ರಗಳನ್ನು ಜೋಡಿಸಲು ಹೇಳಿದರು. ಚಿತ್ರಗಳನ್ನು ಅವನು ಕಣ್ಣು ಮಿಟುಕಿಸುವುದರೊಳಗೆ ಜೋಡಿಸಿದ. ಪದಗಳ ಮುಂದೆ ಅಂಗಿ ಒದ್ದೆಯಾಯಿತು. ಕೊನೆಗೆ ಅವರು, ನಿಮಗೆ ಡಿಸ್ಲೆಕ್ಸಿಯಾ ಇರುವುದು ಸ್ಪಷ್ಟವಾಗಿದೆ, ಇದು ಹುಟ್ಟಿನಿಂದಲೇ ಇರುವಂಥದ್ದು, ಎಷ್ಟೋ ಸಲ ಮನೆತನದಲ್ಲಿ ಇಳಿದು ಬರುತ್ತದೆ, ಸರಿಯಾದ ರೀತಿಯಲ್ಲಿ ಕಲಿಸಿದರೆ ಯಾವ ವಯಸ್ಸಿನಲ್ಲೂ ಓದು ಸುಧಾರಿಸುತ್ತದೆ ಎಂದರು.

ಡಾಕ್ಟರ್ ಒಂದೇ ಪ್ರಶ್ನೆ ಕೇಳಿದ. "ಹಾಗಾದರೆ ಸೋಮಾರಿತನ ಅಲ್ವಾ, ಮೇಡಂ?"

"ಸೋಮಾರಿತನಕ್ಕೆ ನನ್ನ ಹತ್ತಿರ ಪರೀಕ್ಷೆ ಇಲ್ಲ" ಎಂದರು ಅವರು. "ಆದರೆ ಇಷ್ಟು ವರ್ಷ ಓದೋಕೆ ಬರುತ್ತೆ ಅಂತ ನಟಿಸೋದು ಸೋಮಾರಿಗಳ ಕೈಲಿ ಆಗೋ ಕೆಲಸ ಅಲ್ಲ."

ಅವನು ಕಾರ್ಡುಗಳನ್ನು ಜೋಡಿಸಿಕೊಟ್ಟು ಎದ್ದ. ಮಕ್ಕಳಿದ್ದಾರಾ ಎಂದು ಅವರು ಕೇಳಿದರು. ಮರುದಿನದಿಂದ ದೊಡ್ಡವಳು ಸಂಜೆ ಹೊತ್ತು ಆ ಕೋಣೆಗೆ ಬರತೊಡಗಿದಳು. ಕೇಂದ್ರದ ಪ್ರಕಾರ ಬರುತ್ತಿದ್ದದ್ದು ಅಪ್ಪ. ಮರಳಿನ ತಟ್ಟೆಯಲ್ಲಿ ಬೆರಳಾಡಿಸುತ್ತ, ಮೇಜು ಬಡಿದು ಶಬ್ದಗಳನ್ನು ಬಿಡಿಸುತ್ತ, ಅಪ್ಪನ ತೊಡಕನ್ನು ಮಗಳು ಕಲಿತು ತಿದ್ದಿಕೊಳ್ಳುತ್ತಿದ್ದಳು. ಅಂಗಡಿ ಬೇಗ ಮುಚ್ಚಿದ ದಿನ ಅಪ್ಪನೂ ತನ್ನ ಪ್ರತಿನಿಧಿಯ ಪಕ್ಕದಲ್ಲಿ ಬಂದು ಕೂರುತ್ತಿದ್ದ.

ಒಂದು ಸಣ್ಣ ತೊಡಕು ಉಳಿದಿತ್ತು. ರಿಯಾಯಿತಿ ಸಿಕ್ಕಿದ್ದು ಅಪ್ಪನಿಗೆ. ಪರೀಕ್ಷೆ ಇದ್ದದ್ದು ಮಗಳಿಗೆ. ಆದ್ದರಿಂದ ಅಪ್ಪ ಆರನೇ ಕ್ಲಾಸಿಗೆ ಸೇರುವುದೇ ಸರಿ ಎಂದು ನಿರ್ದೇಶಕರು ಸಲಹೆ ಕೊಟ್ಟರು. ಅವನು ಬಾಲ್ಯದಲ್ಲಿ ಶಾಲೆ ಬಿಟ್ಟದ್ದೂ ಆರರಲ್ಲೇ. ಹೆಡ್‌ಮಾಸ್ತರು ಮೊದಲು ಹುಬ್ಬೇರಿಸಿದರು. ಆಮೇಲೆ, ಆರನೇ ಕ್ಲಾಸಿನಲ್ಲಿ ಒಂದು ತಲೆ ಕಡಿಮೆ ಇರುವ ಕಾರಣ ಒಬ್ಬ ಮೇಷ್ಟರ ಹುದ್ದೆ ರದ್ದಾಗುವುದರಲ್ಲಿದೆ ಎಂಬುದು ನೆನಪಾಗಿ, ಹುಬ್ಬು ಇಳಿಸಿದರು. ಸೇರುವ ಮಗುವಿನ ವಯಸ್ಸು ಎಷ್ಟಕ್ಕಿಂತ ಕಡಿಮೆ ಇರಬಾರದೆಂದು ನಿಯಮ ಹೇಳುತ್ತದೆ. ಎಷ್ಟಕ್ಕಿಂತ ಹೆಚ್ಚಿರಬಾರದೆಂದು ಹೇಳುವುದಿಲ್ಲ. ಸಮವಸ್ತ್ರ ಮಾತ್ರ ಕಡ್ಡಾಯ ಎಂದರು. ಡಾಕ್ಟರೇ ಸೋಫಾದ ನೀಲಿ ಬಟ್ಟೆಯಲ್ಲಿ ಒಂದು ಚಡ್ಡಿ ಹೊಲಿದುಕೊಂಡ. ಅಳತೆಗೆ ದಾರ ಬೇಕಾಗಲಿಲ್ಲ.

ಆ ಚಡ್ಡಿ ನೋಡಿದ ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಕೇಳಿಸಿಕೊಂಡು ಆಕೆ, "ಮದುವೆಯಾದ ವಾರಕ್ಕೇ ಗೊತ್ತಿತ್ತು. ಕನ್ನಡಕ ಇಲ್ಲದೋನು ದಿನಾ ಎಲ್ಲಿಂದ ಮರೆತು ಬರ್ತಾನೆ" ಎಂದು ದೀಪ ಆರಿಸಿದಳು.

ಪರೀಕ್ಷೆಯ ದಿನ ವಿದ್ಯಾರ್ಥಿಗೆ ಬ್ಯಾಂಕಿನಲ್ಲಿ ಕುರ್ಚಿಗಳ ತುರ್ತು ಕೆಲಸವಿದ್ದುದರಿಂದ, ಘಟಕದ ಪರವಾಗಿ ಮಗಳು ಬಂದು ಅವನ ಜಾಗದಲ್ಲಿ ಕೂತಳು. ಅವಳ ಸ್ವಂತ ಜಾಗ ಖಾಲಿಯಿತ್ತು. ಅಲ್ಲಿ ಗೈರುಹಾಜರು ಹಾಕಿದರು. ಡ್ರಾಯಿಂಗ್ ಟೀಚರ್ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳಿದರು. ಮಗಳು ಪೆನ್ಸಿಲ್ ಕಚ್ಚಿದಳು, ಮೇಜಿನ ಮೇಲೆ ಮೆಲ್ಲಗೆ ಬೆರಳು ಬಡಿದಳು, ಬರೆದಳು, ಅಳಿಸಿದಳು, ಬರೆದಳು. ಬೇರೆ ಮಕ್ಕಳು ಹೊರಗೆ ಆಟಕ್ಕೆ ಇಳಿದ ಮೇಲೂ ಬರೆಯುತ್ತಲೇ ಇದ್ದಳು. ಯಾರೂ ಅವಳ ಕಾಗದ ಕಿತ್ತುಕೊಳ್ಳಲಿಲ್ಲ.

ಅಪ್ಪ ಪಾಸಾದ. ವಿಜ್ಞಾನದಲ್ಲಿ ಕ್ಲಾಸಿಗೇ ಮೊದಲಿಗ. ಜೇನುಹುಳುಗಳ ಮೇಲಿನ ಅವನ ಉತ್ತರವನ್ನು ಕ್ಲಾಸ್ ಟೀಚರ್ ಎಲ್ಲರಿಗೂ ಓದಿ ಹೇಳಿದರು. ತಪಾಸಣೆಗೆ ಬಂದ ಮೇಲಿನವರು "ಪ್ರಕರಣ: ಒಂದು, ಮಕ್ಕಳು: ಇಲ್ಲ" ಎಂಬುದನ್ನು ನೋಡಿ ತಲೆದೂಗಿ, ಕೇಂದ್ರವನ್ನು ಉಳಿಸಿದ್ದಲ್ಲದೆ ಇನ್ನೊಂದು ಫಲಕವನ್ನೂ ಕೊಟ್ಟರು. ಒರೆಸಲು ಎರಡನೇ ನೌಕರರ ನೇಮಕ ಪ್ರಗತಿಯಲ್ಲಿದೆ. ಮುಂದಿನ ಸಲ ಗೊತ್ತುಪಡಿಸಿದ ದಿನ ಕೇಂದ್ರದ ಹಜಾರದಲ್ಲಿ ಮಕ್ಕಳ ಕೈ ಹಿಡಿದ ಅಪ್ಪ ಅಮ್ಮಂದಿರು ಸಾಲುಗಟ್ಟಿದ್ದರು; ಒಬ್ಬರೂ ಹಲಗೆಯತ್ತ ತಿರುಗಿ ನೋಡಲಿಲ್ಲ, ಎಲ್ಲರೂ ಮನಶ್ಶಾಸ್ತ್ರಜ್ಞೆಯ ಕೋಣೆ ಎಲ್ಲಿ ಎಂದು ಕುರ್ಚಿ ಡಾಕ್ಟರನ್ನೇ ಕೇಳಿಕೊಂಡು ಬಂದಿದ್ದರು.

ಶಾಲೆ ಮತ್ತೆ ತೆರೆದಾಗ ದೊಡ್ಡವಳು ಏಳನೇ ಕ್ಲಾಸಿನಲ್ಲಿ ಅಪ್ಪನ ಜಾಗದಲ್ಲಿ ಕೂತಳು. ಹಾಜರಿ ಕರೆಯುವಾಗ ಅಪ್ಪನ ಹೆಸರಿಗೆ "ಬಂದಿದ್ದೀನಿ ಟೀಚರ್" ಅನ್ನುತ್ತಾಳೆ. ಆರನೇ ಕ್ಲಾಸಿನಲ್ಲಿ ಅವಳ ಹೆಸರು ಕರೆದಾಗ ಚಿಕ್ಕವಳು ಎದ್ದು ನಿಂತು, ಅಕ್ಕ ಬಂದಿಲ್ಲ ಎಂದು ವಿನಯದಿಂದ ತಿಳಿಸುತ್ತಾಳೆ. ಚಿಕ್ಕವಳಿಗೆ ಕಿಟಕಿಯ ಜಾಗ ಸಿಕ್ಕಿದೆ, ಪಕ್ಕದ್ದೂ ಖಾಲಿಯಿದೆ. ಅಕ್ಕ ತಂಗಿ ಈಗ ಮಾತಾಡುತ್ತಾರೆ. ಹೆಚ್ಚಾಗಿ ಜಗಳವೇ, ಆದರೂ ಮಾತು.

ಮೊದಲ ಕಿರುಪರೀಕ್ಷೆ ಮುಗಿದು ಪೋಷಕರ ಸಭೆ ಬಂತು. ಏಳನೇ ಕ್ಲಾಸಿನ ಈ ವಿದ್ಯಾರ್ಥಿಯ ಪೋಷಕರೆಂದರೆ ಅವನ ತಾಯಿಯೇ. ಶಾಲೆಯಿಂದ ಅಜ್ಜಿಗೆ ಕರೆ ಹೋಯಿತು. ಮಗನ ವಿಷಯಕ್ಕೆ ಶಾಲೆಗೆ ಕರೆಸಿಕೊಂಡಾಗಲೆಲ್ಲ ಅವರು ತಲೆ ತಗ್ಗಿಸಿಕೊಂಡೇ ಬಂದವರು. ಇಷ್ಟು ವರ್ಷವಾದ ಮೇಲೂ ಕಾಲು ಒಪ್ಪಲಿಲ್ಲ. ಆದರೂ ಹೋಗಿ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು, ಬೈಗುಳ ಕೇಳಲು ಸಿದ್ಧರಾದರು. ಎದುರಿಗಿದ್ದದ್ದು ಸೋಮಾರಿತನ ನಿರ್ಮೂಲನ ಸಮಿತಿಯ ಅಧ್ಯಕ್ಷೆಯೇ. ಅವರು ಅಂಕಪಟ್ಟಿ ತಿರುಗಿಸಿ ಹೇಳಿದರು:

"ನಿಮ್ಮ ಮಗ ತುಂಬಾ ಚುರುಕು. ಓದೋಕೆ ಬೇರೆಯವರಿಗಿಂತ ಸ್ವಲ್ಪ ಹೊತ್ತು ಬೇಕು, ಅಷ್ಟೇ. ಮನೇಲಿ ಬೈಬೇಡಿ."

ಅಜ್ಜಿ ಬೆಂಚಿನ ಅಂಚನ್ನು ಹಿಡಿದುಕೊಂಡರು. "ಇಲ್ಲ, ಬೈಯಲ್ಲ" ಎಂದರು. ಆಮೇಲೆ, "ಇನ್ನೊಂದು ಸಲ ಹೇಳಿ" ಎಂದರು. ಟೀಚರ್ ಇನ್ನೊಂದು ಸಲ ಹೇಳಿದರು.

ಅಂಗಡಿಗೆ ಬಂದಾಗ ಮಗ ಒಂದು ದೊಡ್ಡ ಸೋಫಾದ ಅಡಿಯಲ್ಲಿ ಅಂಗಾತ ಮಲಗಿ ಮೊಳೆ ಹೊಡೆಯುತ್ತಿದ್ದ. ತಾಯಿಯ ಪಾದ ಕಂಡು ಸುತ್ತಿಗೆ ನಿಲ್ಲಿಸಿದ. ಏನಂದರು ಎಂದು ಸೋಫಾದ ಅಡಿಯಿಂದಲೇ ಕೇಳಿದ. ಅದು ಆರನೇ ಕ್ಲಾಸಿನ ಹುಡುಗನ ದನಿಯಾಗಿತ್ತು.

"ಚುರುಕು ಅಂದರು" ಎಂದರು ಅಜ್ಜಿ. "ಸ್ವಲ್ಪ ಹೊತ್ತು ಬೇಕಂತೆ, ಅಷ್ಟೇ. ಬೈಬಾರದಿತ್ತಂತೆ."

ಟೀಚರ್ ಹಾಗೆ ಹೇಳಿರಲಿಲ್ಲ, ಬೈಬೇಡಿ ಎಂದಷ್ಟೇ ಹೇಳಿದ್ದರು. ಅಜ್ಜಿ ಸ್ಪ್ರಿಂಗಿಲ್ಲದ ಒಂದು ಕುರ್ಚಿಯಲ್ಲಿ ಕೂತು, ಅವನು ಹೊರಗೆ ಬರುವವರೆಗೂ ಕಾದರು.

ಈಗ ಸಂಜೆಯಾದರೆ ಅವರು ಬೀದಿಯ ಮನೆಮನೆಯ ಬಾಗಿಲಿಗೆ ಹೋಗಿ, ಟಿವಿ ಸ್ವಲ್ಪ ತಗ್ಗಿಸಿ, ನನ್ನ ಮಗ ಓದ್ಕೊಳ್ತಿದ್ದಾನೆ ಅನ್ನುತ್ತಾರೆ. ಎಲ್ಲರೂ ತಗ್ಗಿಸುತ್ತಾರೆ.